ಹಸುವಿಗೆ ಹಾಕುವ ಎಡೆ

ರಾಮಾಂಜಿನಯ್ಯ ಕೊನೆಯದಾಗಿ ಉಂಡದ್ದು ನಮ್ಮವ್ವನ ಕೈಯಿಂದ. ಇದು ಊರಿಗೆಲ್ಲ ಗೊತ್ತು. ಊರಲ್ಲಿ ಯಾರೂ ಹೇಳುವುದಿಲ್ಲ.

ಕೊರೊನಾದ ಎರಡನೇ ಅಲೆಯ ಬೇಸಿಗೆ. ಗುಬ್ಬಿಯಲ್ಲಿ ಹಾಸಿಗೆ ಇರಲಿಲ್ಲ, ತುಮಕೂರಿನಲ್ಲೂ ಇರಲಿಲ್ಲ. ಹಾಗಲವಾಡಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಬೆಂಚು ಹೊರಗೆ ಎಸೆದು ಚಾಪೆ ಹಾಸಿದರು. ಸೋಂಕು ತಗುಲಿದವರನ್ನು ಅಲ್ಲಿ ತಂದು ಮಲಗಿಸಿದರು. ಅವರಿಗೆ ಅನ್ನ ಬೇಯಿಸಲು ಊರಿನ ಒಬ್ಬ ಹೆಂಗಸೂ ಬರಲಿಲ್ಲ. ಆಗ ಊರಿನ ದೊಡ್ಡವರು ಕಾಲೋನಿಯ ಬಾಯಿಗೆ ಬಂದು ನಿಂತರು. ಮುಖಕ್ಕೆ ಟವಲ್ ಸುತ್ತಿಕೊಂಡಿದ್ದರು.

"ಅಡುಗೆ ಮಾಡೋರು ಯಾರಾದ್ರೂ ಇದೀರೇನ್ರವ್ವಾ?"

ಅವ್ವ ಹೋದಳು. ಅವಳ ಹಿಂದೆ ನಾನು ಹೋದೆ.

ಶಾಲೆಯ ಒಲೆಯ ಮುಂದೆ ಅವ್ವ ಹೊತ್ತು ಹುಟ್ಟುವ ಮೊದಲು ಕೂರುತ್ತಿದ್ದಳು. ಮುದ್ದೆ ತಿರುವಿ ತಿರುವಿ ಅವಳ ಎರಡೂ ಅಂಗೈ ಬೊಬ್ಬೆ ಎದ್ದವು. ಬೊಬ್ಬೆ ಒಡೆದವು. ಬಟ್ಟೆ ಸುತ್ತಿಕೊಂಡು ಮತ್ತೆ ತಿರುವಿದಳು. ಯಾರೂ ಅವಳ ಜಾತಿ ಕೇಳಲಿಲ್ಲ. ಉಸಿರಿಗೆ ಒದ್ದಾಡುವವನು ಮುದ್ದೆಕೋಲು ಹಿಡಿದ ಕೈ ಯಾರದು ಅಂತ ನೋಡುವುದಿಲ್ಲ. ಎಲ್ಲರೂ ಉಂಡರು. ಉಂಡು ಕೆಲವರು ಬದುಕಿದರು, ಕೆಲವರು ಸತ್ತರು.

ರಾಮಾಂಜಿನಯ್ಯನನ್ನು ಮನೆಯವರೇ ಟ್ರ್ಯಾಕ್ಟರಿನಲ್ಲಿ ತಂದು ಗೇಟಿನ ಹತ್ತಿರ ಇಳಿಸಿ ಹೋದರು. ಊರಿನ ದೊಡ್ಡ ತೆಂಗಿನ ತೋಟ ಅವನದು. ಅವನ ತೋಟದ ತೊಟ್ಟಿಯಿಂದ ನಾವು ನೀರು ಮುಟ್ಟುವಂತಿರಲಿಲ್ಲ. ಆಳು ಮೇಲಿಂದ ಸುರಿಯಬೇಕು, ನಾವು ಕೆಳಗೆ ಕೊಡ ಹಿಡಿಯಬೇಕು. ನಮ್ಮವ್ವನಿಗೆ ಪುಟ್ಟತಾಯಿ ಅಂತ ಹೆಸರಿದ್ದರೂ ಅವನು ಜೀವಮಾನವೆಲ್ಲ ಅವಳನ್ನು ಕರೆದದ್ದು "ಏಯ್" ಎಂದು.

ಅವನಿಗೆ ರುಚಿ ಹೋಗಿತ್ತು. ಬಾಯಿಗೆ ಇಟ್ಟದ್ದು ಮಣ್ಣು ಅನ್ನುತ್ತಿದ್ದ. ಉಗಿಯುತ್ತಿದ್ದ. ಅವ್ವ ನಮ್ಮ ಮನೆಯಿಂದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಹುಣಸೆಹಣ್ಣು ತಂದಳು. ಒರಳಿನಲ್ಲಿ ಉಪ್ಸಾರಿನ ಖಾರ ಅರೆದಳು. ಸೊಪ್ಪು ಬೇಯಿಸಿದ ನೀರು ಬಿಸಿಯಾಗಿ ಹುಯ್ದಳು. ಅವನ ಕೈ ನಡುಗುತ್ತಿತ್ತು. ಅವ್ವ ಮುದ್ದೆ ಮುರಿದು, ಖಾರದಲ್ಲಿ ಅದ್ದಿ, ಅವನ ಬಾಯಿಗೆ ಇಟ್ಟಳು. ಅವನು ನುಂಗಿದ. ಕಣ್ಣಲ್ಲಿ ನೀರು ಬಂತು.

"ಖಾರ ಗೊತ್ತಾಯ್ತು ಕಣವ್ವ," ಅಂದ.

ಅವನು ನಮ್ಮವ್ವನನ್ನು ಅವ್ವ ಎಂದು ಕರೆದದ್ದು ನಾನು ಕೇಳಿದೆ. ನಾನು ಮಾತಾಡುವವಳಲ್ಲ. ನಮ್ಮ ತಾತ ಕದರಯ್ಯ ಏಕತಾರಿ ಹಿಡಿದು ತತ್ವಪದ ಹೇಳುತ್ತಿದ್ದರೆ, ಅವನ ಮಂಡಿಗೆ ಒರಗಿ ಕೇಳುತ್ತ ಬೆಳೆದವಳು. ಒಂದು ಸಲ ಕಿವಿಗೆ ಬಿದ್ದದ್ದು ನನ್ನೊಳಗಿಂದ ಹೋಗುವುದಿಲ್ಲ. ಆ ಸಂಜೆ ರಾಮಾಂಜಿನಯ್ಯ ಹೆಂಡತಿಗೆ ಫೋನ್ ಮಾಡಿದ್ದೂ ಕೇಳಿದೆ. "ಪುಟ್ಟತಾಯಿ ಖಾರ ಕೊಟ್ಲು ಕಣೇ. ನಾಲ್ಗೆ ಬಂತು."

ಬೆಳಗ್ಗೆ ಅವನಿಗೆ ಸ್ವರ ಇರಲಿಲ್ಲ. ಖಾಲಿ ತಟ್ಟೆಯನ್ನು ಬೆರಳಿಂದ ಬಡಿದ. ಟಕ್, ಟಕ್. ನೆನ್ನೆಯದು ಬೇಕು ಅಂತ. ಅವ್ವ ಅರೆಯಲು ಕೂತಳು. ಅರೆದು ಮುಗಿಯುವುದರೊಳಗೆ ಆಂಬುಲೆನ್ಸ್ ಬಂತು. ಅವನನ್ನು ಎತ್ತಿಕೊಂಡು ಹೋಗುವಾಗ ತಟ್ಟೆ ಅವನ ಕೈಯಲ್ಲೇ ಇತ್ತು, ಯಾರೋ ಕಿತ್ತು ನೆಲಕ್ಕೆ ಎಸೆದರು. ತುಮಕೂರಿನಲ್ಲಿ ಸತ್ತ. ಹೆಣ ಊರಿಗೆ ಬರಲಿಲ್ಲ. ಯಾರೋ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎಲ್ಲೋ ಸುಟ್ಟರು. ಖಾರ ಒರಳಿನಲ್ಲಿ ಹಾಗೇ ಒಣಗಿತು.

ಅವ್ವ ಆಮೇಲೆ ಮನೆಯಲ್ಲಿ ಉಪ್ಸಾರು ಮಾಡಲಿಲ್ಲ.

*

ಕೊರೊನಾ ಹೋಯಿತು ಅಂದರು. ಎಲ್ಲರೂ ಮತ್ತೆ ಎದ್ದು ನಿಲ್ಲಬೇಕು ಅಂದರು. ಅದಕ್ಕೊಂದು ಯೋಜನೆ ಬಂತು. ಗುಬ್ಬಿ ರಸ್ತೆಯಲ್ಲಿ ಮಹಿಳಾ ಒಕ್ಕೂಟದ ಊಟದ ಮನೆ. ಸಣ್ಣ ಹಿಡುವಳಿಯವರ ರಾಗಿ, ಸೊಪ್ಪು ಕೊಳ್ಳಬೇಕು. ಕೊರೊನಾದಲ್ಲಿ ಅಡುಗೆ ಮಾಡಿದ ಹೆಂಗಸರಿಗೆ ಒಲೆಯ ಕೆಲಸ ಮೊದಲು ಕೊಡಬೇಕು. ಕೂಲಿಯವರಿಗೆ ಕಡಿಮೆ ಬೆಲೆಗೆ ಊಟ ಹಾಕಬೇಕು. ಇದನ್ನೆಲ್ಲ ಕುಣಿಗಲ್‌ನ ತರಬೇತಿಯಲ್ಲಿ ಒಬ್ಬ ಮೇಡಂ ಮೈಕ್ ಹಿಡಿದು ಹೇಳಿದರು. ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ತರಬೇತಿ ಮುಗಿಯುವ ದಿನ ಎಲ್ಲರಿಗೂ ಅವ್ವನೇ ಮುದ್ದೆ ತಿರುವಿದಳು. ಕುಣಿಗಲ್‌ನವರು ಕೈ ನೆಕ್ಕಿಕೊಂಡು ಉಂಡರು. ಬಸ್ಸಿನಲ್ಲಿ ಬರುವಾಗ ಅವ್ವ ನಕ್ಕಳು. ಅವಳು ನಕ್ಕದ್ದು ನೋಡಿ ಬಹಳ ಕಾಲವಾಗಿತ್ತು.

"ಪಲ್ಲವಿ, ಇನ್ನು ಬಿಸಿಲಾಗೆ ಕಾಯಿ ಸುಲಿಯೋದು ತಪ್ತು ಕಣೇ. ಒಲೆ ಮುಂದೆ ಕುಂತ್ಕಂಡು ಬದುಕ್ತೀನಿ."

ಒಕ್ಕೂಟಕ್ಕೆ ಅಧ್ಯಕ್ಷೆ ಆದವಳು ಪ್ರಮೀಳಮ್ಮ. ರಾಮಾಂಜಿನಯ್ಯನ ಹೆಂಡತಿ. ಯಜಮಾನಿಕೆ ಮಾಡುವವನು ಅವಳ ಮೈದುನ ಅನಂತರಾಜು. ಮೊದಲ ದಿನ ಹೋದೆವು. ಒಳಗೆ ಊರಿನ ಇಬ್ಬರು ಹೆಂಗಸರು ಆಗಲೇ ಒಲೆ ಹಚ್ಚಿದ್ದರು. ನಮ್ಮನ್ನು ಹಿಂದಿನ ಶೀಟಿನ ಚಪ್ಪರಕ್ಕೆ ಕಳಿಸಿದರು. ಚಪ್ಪರಕ್ಕೂ ಅಡುಗೆಮನೆಗೂ ನಡುವೆ ಹಳದಿ ಗೆರೆ ಎಳೆದಿದ್ದರು. ಅಂತರ ಕಾಪಾಡಿ ಅಂತ ಬರೆದಿದ್ದರು. ಗೆರೆ ದಾಟಬಾರದು. ಸರ್ಕಾರ ಹೇಳಿಕೊಟ್ಟ ಅಂತರ ಅಂದರು. ಆ ಅಂತರ ನಮ್ಮಜ್ಜಿಗೂ ಗೊತ್ತಿತ್ತು, ಅವಳಜ್ಜಿಗೂ ಗೊತ್ತಿತ್ತು. ಅವರ ಕಾಲದಲ್ಲಿ ಬಣ್ಣ ಬಳಿದಿರಲಿಲ್ಲ, ಅಷ್ಟೆ.

ನಾವು ತರಕಾರಿ ಹೆಚ್ಚಬೇಕು. ಹೆಚ್ಚಿದ್ದನ್ನು ಗೆರೆಯ ಮೇಲೆ ಇಡಬೇಕು. ಒಳಗಿನವರು ಬಂದು ಅದರ ಮೇಲೆ ಅರಿಶಿನದ ನೀರು ಹುಯ್ದು, ತೊಳೆದು, ಒಳಗೆ ತೆಗೆದುಕೊಂಡು ಹೋಗುತ್ತಾರೆ. ಪಾತ್ರೆ ತಿಕ್ಕಬೇಕು. ತಿಕ್ಕಿದ ಪಾತ್ರೆಗೆ ಅವರು ಮತ್ತೆ ನೀರು ತೋರಿಸುತ್ತಾರೆ. ನಾವು ಕೆರೆ ಕೋಡಿಯ ಪಕ್ಕ ಬೆಳೆದ ಸೊಪ್ಪನ್ನು ಬೇರೆ ಕ್ರೇಟಿನಲ್ಲಿ ಇಡುತ್ತಾರೆ. ಗುಬ್ಬಿಯಿಂದ ಸೊಪ್ಪು ಬಾರದ ದಿನ ಮಾತ್ರ ಅದು ಸಾರಿಗೆ ಬೀಳುತ್ತದೆ. ಉಳಿದ ದಿನ ಕೊಳೆಯುತ್ತದೆ. ನಮ್ಮವರು ಉಣ್ಣಲು ಬಂದರೆ ಹಿಂದಿನ ಕಿಟಕಿ. ಕಾಗದದ ತಟ್ಟೆ. ನಿಂತು ಉಣ್ಣಬೇಕು.

ಅವ್ವ ಕೇಳಿದಳು. "ಅಣ್ಣ, ಒಲೆ ಕೆಲಸ ನಮಗೆ ಅಂದಿದ್ರು."

ಅನಂತರಾಜು ಬೈಕಿನ ಮೇಲೆ ಕೂತಿದ್ದ. "ಒಲೆ ಮುಂದೆ ಕುಂತ್ರೆ ಮಾತ್ರ ಅಡುಗೆ ಅಂತಾನಾ ಪುಟ್ಟತಾಯಿ? ಈರುಳ್ಳಿ ಕುಯ್ಯೋದೂ ಅಡುಗೇನೆ ಕಣೆ."

ನಮ್ಮ ಪಕ್ಕದ ಮನೆಯ ಮಂಜುಳಮ್ಮ ಈಳಿಗೆಯಿಂದ ತಲೆ ಎತ್ತದೆ ಅಂದಳು. "ಹಂಗಾದ್ರೆ ನಾಳೆಯಿಂದ ಬರೀ ಈರುಳ್ಳಿ ಬಡಿಸಿ ಅಣ್ಣ. ಉಂಡೋರೆಲ್ಲ ಅಳ್ತಾ ಹೋಗ್ಲಿ."

ನಾವು ನಕ್ಕೆವು. ಅವನು ನಗಲಿಲ್ಲ. "ಬಾಯಿ ಜಾಸ್ತಿ ಆಯ್ತು ನಿಮ್ದು. ಕೊರೊನಾ ಬಂದು ಮೆರೆಸ್ಬುಡ್ತು. ಆವಾಗಿನ ಕಷ್ಟ ಬೇರೆ, ಈಗಿನ ಪದ್ಧತಿ ಬೇರೆ. ಒಳಗೆ ನೀನು ಬೇಯ್ಸಿದ್ರೆ ಊರು ಉಣ್ಣಕ್ಕಿಲ್ಲ."

"ಉಂಡಿತ್ತಲ್ಲಣ್ಣ."

"ಯಾರು ಉಂಡಿದ್ರು? ಹೆಸರು ಹೇಳು ನೋಡಾನ."

ಅವ್ವ ಈಳಿಗೆ ಎಳೆದುಕೊಂಡಳು. ಸತ್ತವನ ಹೆಸರು ಬಾಯಿಗೆ ಬಂದು ನಿಂತಿತ್ತು. ಅದು ನನಗೆ ಕಾಣುತ್ತಿತ್ತು. ಅವನಣ್ಣನದೇ ಹೆಸರು.

ಆ ಚಪ್ಪರದ ಕೆಳಗೆ ತಟ್ಟೆ ತೊಳೆಯುವಾಗ ನನಗೆ ಆ ಸದ್ದು ಕೇಳಲು ಶುರುವಾಯಿತು. ಟಕ್, ಟಕ್. ನಲ್ಲಿ ನಿಲ್ಲಿಸಿ ನೋಡುತ್ತೇನೆ. ಯಾರೂ ಇಲ್ಲ. ಒಗೆಯುವ ಕಲ್ಲಿನ ಹತ್ತಿರ ಹೆಚ್ಚು. ಮಳೆ ಬರುವ ಮೊದಲು ಇನ್ನೂ ಹೆಚ್ಚು. ಶಿವಶಿವಾ ಅನ್ನುತ್ತ ಮತ್ತೆ ತೊಳೆಯುತ್ತೇನೆ. ಒಂದು ದಿನ ಅವ್ವನ ಕಡೆ ತಿರುಗಿದೆ. ಅವಳೂ ಕೈ ನಿಲ್ಲಿಸಿ ಕೂತಿದ್ದಳು.

"ನಿಂಗೂ ಕೇಳ್ತದಾ?" ಅಂದಳು.

ನಾನು ಹೂಂ ಅಂದೆ. ಅವಳು ಮತ್ತೆ ಬೂದಿ ಹಿಡಿದು ತಿಕ್ಕಿದಳು.

*

ಹಿರಿಯರ ಹಬ್ಬ ಹತ್ತಿರ ಬಂತು. ಒಂದು ಮಧ್ಯಾಹ್ನ ಪ್ರಮೀಳಮ್ಮ ನಮ್ಮ ಕಾಲೋನಿಗೆ ಬಂದಳು. ಒಬ್ಬಳೇ. ತಲೆ ತುಂಬ ಸೆರಗು ಹೊದ್ದಿದ್ದಳು. ನಮ್ಮ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಳು. ಕೂರು ಅಂದರೆ ಕೂರಲಿಲ್ಲ. ಮುಖ ಬತ್ತಿಹೋಗಿತ್ತು.

"ಪುಟ್ಟತಾಯಿ, ನಿದ್ದೆ ಇಲ್ಲ ಕಣೇ ನಂಗೆ."

ಪ್ರಮೀಳಮ್ಮ ಸೆರಗು ಇನ್ನಷ್ಟು ಎಳೆದುಕೊಂಡಳು.

"ಪ್ರತಿ ಸಲ ಎಡೆ ಇಡ್ತೀನಿ. ಅವ್ರಿಗೆ ಇಷ್ಟವಾದ್ದೆಲ್ಲ ಮಾಡ್ತೀನಿ. ಕೋಳಿ ಸಾರು, ಕಡುಬು, ಎಲ್ಲಾನು. ಬಾಗ್ಲು ಹಾಕಿ ಆಚೆ ನಿಲ್ತೀವಿ. ತೆಗೆದ್ರೆ ಎಲೆ ಇಟ್ಟಂಗೇ ಇರ್ತದೆ. ಒಂದು ಅಗುಳು ಅಲುಗಿರಲ್ಲ. ಮಾಳಿಗೆ ಮೇಲೆ ಇಟ್ರೆ ಕಾಗೇನೂ ಮುಟ್ಟಲ್ಲ. ಅವ್ರು ಹೋದಾಗಿಂದ ಕನಸಿಗೆ ಬತ್ತಾರೆ. ಬಾಯಿ ತೆಗೀತಾರೆ. ಒಳಗೆ ನಾಲಿಗೇನೇ ಇರಲ್ಲ ಕಣೇ. ಖಾರ ಇಲ್ಲ, ಖಾರ ಇಲ್ಲ ಅಂತಾರೆ."

ಅವ್ವನ ಕೈ ಮಡಿಲಲ್ಲಿ ಬಿಗಿಯಾಯಿತು.

"ನೀನು ಕೊಟ್ಟೆಯಂತಲ್ಲ, ಆ ಖಾರ. ಅದನ್ನ ಮಾಡ್ಕೊಡು. ಅಮಾಸೆ ದಿನ ನಮ್ಮ ಹಿತ್ಲಿಗೆ ಬಾ. ದನದ ಕೊಟ್ಟಿಗೆ ಪಕ್ಕ ಒಲೆ ಹೂಡಿಸ್ತೀನಿ. ಒರಳು ಹೊಸದು ತರಿಸ್ತೀನಿ. ಯಾರಿಗೂ ಗೊತ್ತಾಗ್ಬಾರ್ದು. ನನ್ನ ಮೈದ್ನಂಗಂತೂ ಬೇಡ."

ಅವ್ವನಿಗೂ ಆ ಖಾರ ಅರೆದು ಮುಗಿಸಬೇಕಿತ್ತು. ಅರ್ಧ ಅರೆದ ಖಾರ ಅವಳ ತೋಳಿನಲ್ಲೇ ಉಳಿದಿತ್ತು. ಅವಳು ಒಪ್ಪುತ್ತಾಳೆ ಅಂದುಕೊಂಡೆ. ಒಪ್ಪಲಿ ಅಂದುಕೊಂಡೆ. ಆ ಸದ್ದು ನಿಲ್ಲಲಿ ಅಂದುಕೊಂಡೆ.

"ಮಾಡ್ತೀನಿ ಅಮ್ಮೋರೆ," ಅಂದಳು ಅವ್ವ. ಆಮೇಲೆ ಕೇಳಿದಳು. "ಎಡೆ ಇಟ್ಟ ಮೇಲೆ ಅದನ್ನ ಯಾರು ಉಣ್ತೀರಾ?"

ಹಿರಿಯರಿಗೆ ಇಟ್ಟ ಎಡೆಯನ್ನು ಬಾಗಿಲು ತೆರೆದ ಮೇಲೆ ಮನೆಯವರೇ ಹಂಚಿಕೊಂಡು ಉಣ್ಣಬೇಕು. ಊರಲ್ಲೂ ಹಾಗೇ, ಕಾಲೋನಿಯಲ್ಲೂ ಹಾಗೇ. ಹಂಚಿ ಉಂಡರೇ ಅದು ಸತ್ತವರ ಹೊಟ್ಟೆ ಸೇರುವುದು. ಉಣ್ಣದಿದ್ದರೆ ಅದು ಎಡೆಯಲ್ಲ.

ಪ್ರಮೀಳಮ್ಮ ನೆಲ ನೋಡಿದಳು.

"ಅದನ್ನ... ಹಸೂಗೆ ಹಾಕ್ತೀವಿ ಬುಡು."

ಅವ್ವ ಎದ್ದು ನಿಂತಳು.

"ಮಾಡಕ್ಕಿಲ್ಲ."

"ಪುಟ್ಟತಾಯಿ..."

"ಮಾಡಕ್ಕಿಲ್ಲ ಅಮ್ಮೋರೆ. ಸತ್ತೋರಿಗೆ ನನ್ನ ಕೈ ಬೇಕು. ಬದುಕಿರೋ ನಿಮಗೆ ಬ್ಯಾಡ. ಬೇಯ್ಸೋಳು ಕೊಟ್ಟಿಗೇಲಿ ಕುಂತ್ಕಬೇಕು, ಬೇಯ್ಸಿದ್ದು ಕೊಟ್ಟಿಗೆಗೇ ಹೋಗ್ಬೇಕು. ನಾನು ನಿಮ್ಮ ಗಂಡಂಗೆ ಉಣ್ಣಿಸಿದ್ದು, ಹಸೂಗೆ ಬೂಸಾ ಕಲಸಿದ್ದಲ್ಲ."

"ಅವ್ರ ಮುಖ ನೋಡಾದ್ರೂ ಮಾಡೇ."

"ಅವ್ರ ಮುಖ ದಿನಾ ನೋಡ್ತೀನಿ. ನೀವು ಟ್ರ್ಯಾಕ್ಟರಲ್ಲಿ ತಂದು ಬುಟ್ಟು ಹೋದ್ರಲ್ಲ, ಆವಾಗ ಗೇಟ್ ಹಿಡ್ಕಂಡು ನಿಂತಿದ್ರು. ಆ ಮುಖ." ಅವ್ವನ ಸ್ವರ ಏರಲಿಲ್ಲ. "ಮಾಡಬೇಕು ಅಂದ್ರೆ ಒಕ್ಕೂಟದ ಒಲೆ ಮೇಲೆ ಮಾಡ್ತೀನಿ. ಹಗಲಾಗೆ. ಊರು ನೋಡ್ಬೇಕು. ಮೊದಲ ತುತ್ತು ನೀವು ಉಣ್ಣಬೇಕು. ಆಮೇಲೆ ತಗಂಡೋಗಿ ಎಡೆ ಇಡಿ. ಅವತ್ತಿಂದ ಆ ಒಲೆ ನಂದು. ಇಷ್ಟೇ."

ಪ್ರಮೀಳಮ್ಮ ಹೋದಳು. ಅವಳು ನಿಂತಿದ್ದ ಜಾಗದಲ್ಲಿ ಬೇವಿನ ಎಲೆ ತುಳಿದ ವಾಸನೆ ಉಳಿಯಿತು.

ಒಳಗಿನಿಂದ ತಾತ ಎಲ್ಲ ಕೇಳಿಸಿಕೊಂಡಿದ್ದ. ಏಕತಾರಿ ಪಕ್ಕಕ್ಕೆ ಇಟ್ಟ. "ತಪ್ಪು ಮಾಡ್ದೆ ಮಗಾ. ಹಸಿದೋನು ಬಾಗಿಲಿಗೆ ಬಂದವ್ನೆ. ಸತ್ತಿರ್ಲಿ, ಬದುಕಿರ್ಲಿ. ಇಲ್ಲ ಅನ್ಬಾರ್ದು. ಜೀವಮಾನವೆಲ್ಲ ಅದನ್ನೇ ಹಾಡ್ಕಂಡು ಬಂದೀನಿ."

"ನಿನ್ನ ಪದದಾಗೆ ಹಸಿದೋನು ತಾನೇ ಬಂದು ಕೇಳ್ತಾನೆ ಕಣಪ್ಪ," ಅಂದಳು ಅವ್ವ. "ಇಲ್ಲಿ ಅವನೆಂಡ್ರು ಬತ್ತಾಳೆ, ಹಸೂನ ಜೊತೆಗೆ ಕರ್ಕಂಡು."

ಅಂದು ತಾತ ಪದ ಹೇಳಲಿಲ್ಲ. ಏಕತಾರಿ ಇಲ್ಲದ ಮನೆಯಲ್ಲಿ ತಟ್ಟೆಯ ಆ ಸದ್ದು ಇನ್ನೂ ಚೆನ್ನಾಗಿ ಕೇಳಿತು.

*

ಅಮಾವಾಸ್ಯೆಯ ಬೆಳಗ್ಗೆ ನಾವು ಚಪ್ಪರದಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದೆವು. ಪ್ರಮೀಳಮ್ಮ ಮುಂದಿನ ಬಾಗಿಲಿಂದ ಬಂದಳು. ನಿದ್ದೆಗೆಟ್ಟ ಕಣ್ಣು. ಅಡುಗೆಮನೆ ಹಾದು ಹಳದಿ ಗೆರೆಯವರೆಗೆ ನಡೆದು ಬಂದಳು.

"ಬಾರೇ ಒಳಗೆ," ಅಂದಳು.

ಅವ್ವ ಈಳಿಗೆ ಮಡಿಚಿಟ್ಟಳು. ಕೈ ತೊಳೆದಳು. ಗೆರೆ ದಾಟಿ ಒಳಗೆ ಹೋದಳು. ಒಲೆಯ ಮುಂದಿದ್ದ ಇಬ್ಬರು ಹೆಂಗಸರು ಪ್ರಮೀಳಮ್ಮನ ಮುಖ ನೋಡಿದರು. "ಇದೇನಕ್ಕಾ ಇದು?" ಅಂದಳು ಒಬ್ಬಳು. ಪ್ರಮೀಳಮ್ಮ ಅವ್ವನಿಗೆ ಒಲೆಯ ಕಡೆ ಕೈ ತೋರಿಸಿದಳು. ಇಬ್ಬರೂ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಹೊರಟುಹೋದರು.

ಕೊಳೆಯಲಿಟ್ಟ ಕ್ರೇಟಿನಿಂದ ನಾನು ನಮ್ಮ ಸೊಪ್ಪು ಆರಿಸಿ ತಂದೆ. ಮಂಜುಳಮ್ಮ ರಾಗಿಹಿಟ್ಟು ಜರಡಿ ಹಿಡಿದಳು. ಅರಿಶಿನದ ನೀರಿನ ಬಕೆಟ್ಟನ್ನು ಯಾರೋ ಚರಂಡಿಗೆ ಸುರಿದರು. ಅವ್ವ ಖಾರ ಅರೆಯಲು ಕೂತಳು. ಭುಜ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಬೆವರು ಗಲ್ಲದಿಂದ ಇಳಿಯಿತು. ಅವಳು ತುಟಿ ಕಚ್ಚಿದ್ದಳು. ಈ ಸಲ ಯಾವ ಗಾಡಿಯೂ ಬರಲಿಲ್ಲ. ಅರೆದು ಮುಗಿಸಿದಳು. ಘಾಟು ಎದ್ದು ಇಡೀ ಮನೆ ಕೆಮ್ಮಿತು.

ಮುದ್ದೆ ಆಯಿತು. ಉಪ್ಸಾರು ಆಯಿತು. ಹೊರಗೆ ಜನ ನಿಂತಿದ್ದರು. ಕಾಯಿ ಸುಲಿಯುವವರು, ಬಿಹಾರದ ಕಟ್ಟಡದ ಕೂಲಿಗಳು, ಗುಬ್ಬಿ ಬಸ್ಸು ಕಾಯುವವರು, ಬೆಂಗಳೂರಿನಲ್ಲಿ ಕೆಲಸ ಹೋಗಿ ವಾಪಸು ಬಂದವರು. ಊರಿನ ನಾಲ್ಕು ಮನೆಯವರು ರಸ್ತೆಯ ಆಚೆ ಕೈಕಟ್ಟಿ ನೋಡುತ್ತಿದ್ದರು.

ಅವ್ವ ಒಂದು ತಟ್ಟೆ ಬಡಿಸಿ ಪ್ರಮೀಳಮ್ಮನ ಮುಂದೆ ಇಟ್ಟಳು.

"ಉಣ್ಣಿ."

ಪ್ರಮೀಳಮ್ಮ ಕೂತಳು. ಮುದ್ದೆ ಮುರಿದಳು. ಖಾರದಲ್ಲಿ ಅದ್ದಿದಳು. ಕೈ ಎತ್ತಿದಳು. ಕೈ ಬಾಯಿಯವರೆಗೆ ಬಂತು. ಅಲ್ಲೇ ನಿಂತಿತು. ತುಟಿ ಬಿಗಿದಿತ್ತು. ಅವಳು ಬಾಯಿ ತೆರೆಯಲು ನೋಡಿದಳು. ನಾನು ಹತ್ತಿರದಿಂದ ಕಂಡೆ, ಅವಳು ನಿಜವಾಗಿ ನೋಡಿದಳು. ಕುತ್ತಿಗೆಯ ನರ ಎದ್ದಿತು. ತುಟಿ ತೆರೆಯಲಿಲ್ಲ. ಗಂಡನ ಹಸಿವು ಒಂದು ಕಡೆ, ಅಷ್ಟು ಕಾಲ ಮಡಿ ಕಲಿತ ಬಾಯಿ ಒಂದು ಕಡೆ. ಬಾಯಿ ಗೆದ್ದಿತು.

ಅವಳು ಆ ತುತ್ತನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಎದ್ದಳು. ಬಾಗಿಲ ಕಡೆ ಓಡುನಡಿಗೆಯಲ್ಲಿ ನಡೆದಳು.

ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಬಿಚ್ಚಿ ಸೆರಗ."

"ಅವ್ರಿಗೆ ಕಣೇ ಇದು. ಒಂದೇ ತುತ್ತು. ಕೈ ಮುಗೀತೀನಿ."

"ಬಿಚ್ಚಿ."

"ಪಾಪ ಕಟ್ಕೋಬೇಡ ಪುಟ್ಟತಾಯಿ. ಹಸಿದು ಹೋಗವ್ರೆ."

"ಗೊತ್ತು. ನನ್ನ ಕಣ್ಮುಂದೇನೇ ಹೋದ್ರು." ಅವ್ವ ಬಾಗಿಲು ಬಿಡಲಿಲ್ಲ. "ನೀವು ಉಣ್ಣದಿದ್ದ ಮೇಲೆ ಅವ್ರಿಗೆ ಮುಟ್ಟಕ್ಕಿಲ್ಲ. ಹಸೂಗೆ ನಾನು ಬೇಯ್ಸಿಲ್ಲ."

ಅವ್ವನೇ ಕೈ ಹಾಕಿ ಸೆರಗಿನ ಗಂಟು ಬಿಚ್ಚಿದಳು. ನಮ್ಮವರ ಕೈ ಆ ಮನೆಯವರ ಸೀರೆ ಮುಟ್ಟಿದ್ದು ಅದೇ ಮೊದಲು. ಪ್ರಮೀಳಮ್ಮ ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿಕೊಂಡಳು. ಅವ್ವ ತುತ್ತನ್ನು ತೆಗೆದುಕೊಂಡಳು. ಎಲ್ಲರೂ ನೋಡುತ್ತಿದ್ದರು. ತನ್ನ ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುತ್ತ ಅತ್ತಳು. ನುಂಗಿದಳು.

ಪ್ರಮೀಳಮ್ಮ ಖಾಲಿ ಸೆರಗು ಹಿಡಿದುಕೊಂಡು ಮನೆಗೆ ಹೋದಳು. ಆ ಮನೆಯಲ್ಲಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವ ಹೊತ್ತಾಗಿತ್ತು.

ಅಷ್ಟರಲ್ಲಿ ಅನಂತರಾಜು ಬಂದ. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬೀಗ. "ಏಯ್, ಈಚೆ ಬಾರೇ! ಬೀಗ ಹಾಕ್ಬೇಕು."

"ಹಾಕು," ಅಂದಳು ಅವ್ವ. "ನಾನು ಒಳಗೇ ಇರ್ತೀನಿ. ಹೆಸರು ಕೇಳಿದ್ಯಲ್ಲ, ಯಾರು ಉಂಡಿದ್ರು ಅಂತ? ನಿಮ್ಮಣ್ಣ ರಾಮಾಂಜಿನಯ್ಯ. ನಾನೇ ಉಣ್ಣಿಸ್ದೆ. ನನ್ನನ್ನ ಅವ್ವ ಅಂತ ಕರೆದ್ರು."

ರಸ್ತೆಯ ಆಚೆಯವರಿಗೂ ಕೇಳಿಸುವಂತೆ ಹೇಳಿದಳು. ಅನಂತರಾಜುವಿನ ಬಾಯಿ ತೆರೆದೇ ಇತ್ತು. ಮಂಜುಳಮ್ಮ, ನಾನು, ಚಪ್ಪರದಲ್ಲಿದ್ದ ಹೆಂಗಸರೆಲ್ಲ ಒಳಗೆ ಬಂದು ಒಲೆಯ ಸುತ್ತ ನಿಂತೆವು. ಮಂಜುಳಮ್ಮ ನೀರಿನ ಹಂಡೆಯ ಮೇಲೆ ಕೂತೇಬಿಟ್ಟಳು. "ಬೀಗ ಹಾಕಣ್ಣ. ನಮ್ಮನ್ನ ಒಳಗೆ ಇಟ್ಕಂಡು ಹಾಕು. ಒಲೆ ನಮ್ಮ ಕಡೆಗೇ ಇರ್ತದೆ."

ಹೊರಗೆ ಸಾಲು ಉದ್ದವಾಗುತ್ತಿತ್ತು. ಹಸಿದವರು ಗೊಣಗಲು ಶುರು ಮಾಡಿದ್ದರು. ಕಟ್ಟಡದ ಕೂಲಿಯೊಬ್ಬ ಅನಂತರಾಜುವನ್ನು ದಾಟಿಕೊಂಡು ಬಂದು ತಟ್ಟೆ ಚಾಚಿದ. ಅವನ ಹಿಂದೆ ಇನ್ನೊಬ್ಬ. ಹಿಂದಿನ ಕಿಟಕಿಯಲ್ಲಿ ನಿಲ್ಲುತ್ತಿದ್ದ ನಮ್ಮವರು ಮುಂದಿನ ಬಾಗಿಲಿಗೆ ಬಂದರು. ರಸ್ತೆಯ ಆಚೆಯವರು ಬರಲಿಲ್ಲ. ಹೋಗಲೂ ಇಲ್ಲ.

ನಾಳೆ ಏನಾಗುತ್ತದೋ ನನಗೆ ಗೊತ್ತಿರಲಿಲ್ಲ. ಪೊಲೀಸು ಬರಬಹುದು. ಈ ಮನೆಯನ್ನೇ ಮುಚ್ಚಬಹುದು. ಅವ್ವ ಕೋಲು ಹಿಡಿದು ಎರಡನೇ ಹಂಡೆಗೆ ಹಿಟ್ಟು ಸುರಿದಳು.

ಬಡಿಸುವ ಕೆಲಸ ನನ್ನದಾಯಿತು. ನಾನು ತಲೆ ಎತ್ತಲಿಲ್ಲ. ಬರೀ ಕೈಗಳನ್ನು ನೋಡಿದೆ. ಸಿಮೆಂಟು ಹತ್ತಿದ ಕೈ, ಕಾಯಿನಾರು ಚುಚ್ಚಿದ ಕೈ, ನಡುಗುವ ಕೈ. ಮುಖ ನೋಡಿದರೆ ಆ ಸಾಲಿನಲ್ಲಿ ಅಂದು ತಟ್ಟೆ ಬಡಿದವನೇ ನಿಂತಿರುತ್ತಾನೋ ಎಂಬ ಭಯವಿತ್ತು. ಇದ್ದರೆ ಇರಲಿ ಎಂದುಕೊಂಡೆ. ಇಲ್ಲಿ ಸಾಲಿನಲ್ಲಿ ನಿಂತು ಉಣ್ಣಲಿ, ಎಲ್ಲರ ಹಾಗೆ.

ಚಾಚಿದ ತಟ್ಟೆಗೆಲ್ಲ ಹಾಕಿದೆ.